ನೈಟ್ ಡ್ಯೂಟಿ ಮಾಡುವವರಿಗೆ ಹಗಲಿನ ನಿದ್ದೆ

ನಾನು ಒಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್. ನಮ್ಮ ಹುದ್ದೆಗೆ ಈಗ ಶುಶ್ರೂಷಾಧಿಕಾರಿ ಅಂತ ಹೆಸರಾಗಿದೆ, ಆದರೆ ವಾರ್ಡಿನಲ್ಲಿ ಎಲ್ಲರಿಗೂ ನಾವು ಸಿಸ್ಟರ್. ರಾತ್ರಿ 8ಕ್ಕೆ ಹೋದರೆ ಬಿಡುವಾಗುವುದು ಬೆಳಗ್ಗೆ 8ಕ್ಕೆ. ಹೊಸದಾಗಿ ಸೇರುವ ಹುಡುಗಿಯರು ತಪ್ಪದೆ ಕೇಳುತ್ತಾರೆ, "ಅಕ್ಕ, ನೈಟ್ ಹೇಗೆ ತಡ್ಕೊಳ್ಳೋದು?" ರಾತ್ರಿ ಎಚ್ಚರ ಇರುವುದನ್ನು ವಾರ್ಡೇ ಕಲಿಸುತ್ತದೆ. ಹಗಲು ಮಲಗುವುದನ್ನು ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಳಗಿನ ಜಾವ 3ರಿಂದ 5ರ ಹೊತ್ತು ತುಂಬಾ ಕಷ್ಟದ್ದು. ಆಗ ಮೈಯ ಶಾಖ ಇಳಿದಿರುತ್ತದೆ, ನಿದ್ದೆ ಒತ್ತರಿಸಿಕೊಂಡು ಬರುತ್ತದೆ. ಹೆರಿಗೆ ಮಾತ್ರ ಹೊತ್ತು ನೋಡಿಕೊಂಡು ಆಗುವುದಿಲ್ಲ. ಹೆರಿಗೆಯಾದ ಮೊದಲ 2 ಗಂಟೆ, 15 ನಿಮಿಷಕ್ಕೊಮ್ಮೆ ತಾಯಿಯ ನಾಡಿ, ಬಿಪಿ, ರಕ್ತಸ್ರಾವ ನೋಡಲೇಬೇಕು. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯಾ ಅಂತ ಒತ್ತಿ ನೋಡಬೇಕು. ಮೆತ್ತಗಿದ್ದರೆ ತಕ್ಷಣ ಡಾಕ್ಟರನ್ನು ಕರೆಯಬೇಕು. ಪ್ಯಾಡ್ ಮೇಲುಗಡೆ ಒಣಗಿದಂತೆ ಕಂಡರೂ ಸೊಂಟದ ಕೆಳಗಿನ ಬಟ್ಟೆ ನೆನೆದಿರಬಹುದು, ಕೈ ಹಾಕಿಯೇ ನೋಡಬೇಕು. ನಿದ್ದೆಗೆಟ್ಟ ತಲೆಗೆ ಇಂಥ ಕಡೆಯೇ "ಆಗ್ಲೇ ನೋಡಿದ್ನಲ್ಲ" ಅನ್ನಿಸಿಬಿಡುತ್ತದೆ.

1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಡಾಸನ್ ಮತ್ತು ರೀಡ್ ಎಂಬ ಇಬ್ಬರು ಸಂಶೋಧಕರ ವರದಿ ಬಂದಿತ್ತು. ಸತತ 17 ಗಂಟೆ ಎಚ್ಚರ ಇದ್ದವರ ಚುರುಕುತನ, ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅನ್ನುವುದು ಅದರ ಸಾರ. ನಮ್ಮ ಕಾನೂನಿನಲ್ಲಿ ಗಾಡಿ ಓಡಿಸುವವರಿಗೆ ಇರುವ ಮಿತಿ 0.03%. ಬೆಳಗ್ಗೆ 7ಕ್ಕೆ ಎದ್ದು, ಮಧ್ಯಾಹ್ನ ಮಲಗದೆ ಡ್ಯೂಟಿಗೆ ಬಂದವಳಿಗೆ ರಾತ್ರಿ 12ಕ್ಕೇ 17 ಗಂಟೆ ಆಗಿರುತ್ತದೆ. ಬೆಳಗ್ಗೆ ಅವಳು ಸ್ಕೂಟರ್ ಹತ್ತಿ ಹೆದ್ದಾರಿಗೆ ಇಳಿಯುತ್ತಾಳೆ. ನನಗೆ ಇದು ವಾರ್ಡಿನ ಕೆಲಸಕ್ಕಿಂತ ಜಾಸ್ತಿ ಭಯ ಹುಟ್ಟಿಸುತ್ತದೆ. ನೈಟ್ ಇದ್ದಾಗ ನಾನು ಬಸ್ಸಿನಲ್ಲೇ ಓಡಾಡುತ್ತೇನೆ. ಮೊದಲ ನೈಟ್‌ಗೆ ಹೋಗುವ ಮುಂಚೆ ಮಧ್ಯಾಹ್ನ ಒಂದೂವರೆ ಗಂಟೆಯಾದರೂ ಮಲಗಿ ಏಳುತ್ತೇನೆ.

ನಿಜವಾದ ತೊಡಕು ಇರುವುದು ಮನೆಯಲ್ಲಿ. "ನೈಟ್ ಡ್ಯೂಟಿ ತಾನೇ, ಹಗಲೆಲ್ಲ ಮನೇಲೇ ಇರ್ತೀಯಲ್ಲ" ಅನ್ನುವ ಮಾತು ಎಲ್ಲ ನರ್ಸುಗಳೂ ಕೇಳಿದ್ದೇ. ಗ್ಯಾಸ್ ಬರುವುದು, ಕರೆಂಟ್ ಬಿಲ್ಲು, ಮಗುವಿನ ಸ್ಕೂಲ್ ಮೀಟಿಂಗ್ ಎಲ್ಲಾ ಅವಳ ತಲೆಗೇ ಬರುತ್ತದೆ. ನಮ್ಮ ಮನೆಯಲ್ಲಿ ಇದು ಸರಿಹೋಗಿದ್ದು ಅತ್ತೆಯಿಂದ. ನಾನು ಅವರ ಹತ್ತಿರ ಕೂತು, ಕೆಲಸ ಏನು, 15 ನಿಮಿಷದ ಲೆಕ್ಕ ಏನು, ಒಬ್ಬ ತಾಯಿಯ ರಕ್ತ ಎಷ್ಟು ಬೇಗ ಹೋಗಿಬಿಡುತ್ತದೆ ಅಂತ ಬಿಡಿಸಿ ಹೇಳಿದೆ. ಅವರಿಗೂ ಮನೆಯಲ್ಲೇ ಹೆರಿಗೆಯಾದ ಕಾಲದ ನೆನಪಿತ್ತು. "ಹಂಗಾದ್ರೆ ನೀನು ಮಲಗೋದೂ ಡ್ಯೂಟಿನೇ ಬಿಡವ್ವ" ಅಂದರು. ಅವತ್ತಿನಿಂದ 9ರಿಂದ 3ರವರೆಗೆ ನನ್ನ ಕೋಣೆ ಬಾಗಿಲು ಯಾರೂ ತಟ್ಟುವುದಿಲ್ಲ. ಕಾಲಿಂಗ್ ಬೆಲ್ಲಿನ ಸ್ವಿಚ್ ಆಫ್. ಸೊಪ್ಪಿನವಳಿಗೂ ಹೇಳಿಟ್ಟಿದ್ದಾರೆ, ನಮ್ಮ ಬಾಗಿಲಲ್ಲಿ ಅವಳು ಕೂಗುವುದಿಲ್ಲ.

ಉಳಿದದ್ದು ಸಣ್ಣಪುಟ್ಟ ವಿಷಯ, ಆದರೆ ಕೆಲಸಕ್ಕೆ ಬರುತ್ತದೆ. ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು, ಹಾಗಾಗಿ ರಾತ್ರಿ 2 ಗಂಟೆಯ ನಂತರ ನಾನು ಮುಟ್ಟುವುದಿಲ್ಲ. ಊಟ 12ರೊಳಗೆ, ಅದೂ ಹಗುರ. ಬೆಳಗಿನ ಬಿಸಿಲು ಮೆದುಳಿಗೆ "ಏಳು" ಅನ್ನುತ್ತದೆ, ಅದಕ್ಕೆ ಮನೆಗೆ ಬರುವಾಗ ಕಪ್ಪು ಕನ್ನಡಕ. ಕಿಟಕಿಗೆ ದಪ್ಪ ಪರದೆ. ಮತ್ತೆ ನೀರು, ದಯವಿಟ್ಟು ನೀರು ಕುಡಿಯಿರಿ. ಬಾತ್‌ರೂಮಿಗೆ ಹೋಗಲು ಹೊತ್ತಿಲ್ಲ ಅಂತ ರಾತ್ರಿಯೆಲ್ಲಾ ತಡೆದುಕೊಂಡು ಉರಿಮೂತ್ರ ಮಾಡಿಕೊಳ್ಳುವ ಹುಡುಗಿಯರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. "ಎರಡು ನಿಮಿಷ ನೋಡ್ಕೊ" ಅಂತ ಪಕ್ಕದವಳಿಗೆ ಹೇಳಿ ಹೋಗಿಬನ್ನಿ. ಇಬ್ಬರಿದ್ದರೆ ಒಬ್ಬೊಬ್ಬರಾಗಿ 20 ನಿಮಿಷ ಕಣ್ಣು ಮುಚ್ಚಿ, ಎದ್ದು ಮುಖ ತೊಳೆದು, ಪೂರ್ತಿ ಎಚ್ಚರವಾದ ಮೇಲೆಯೇ ಇಂಜೆಕ್ಷನ್ ಮುಟ್ಟಿ.

ಇಷ್ಟೆಲ್ಲಾ ನಾವೇ ಮಾಡಿಕೊಂಡರೂ ಡ್ಯೂಟಿ ಲಿಸ್ಟ್ ಹಾಕುವವರು ಕೈಜೋಡಿಸದಿದ್ದರೆ ಪ್ರಯೋಜನ ಕಡಿಮೆ. ನೈಟ್ ಮುಗಿದ ಮರುದಿನದ ಆಫ್‌ನಲ್ಲೇ ತರಬೇತಿ ಇಡುವುದು, "ಅರ್ಧ ಗಂಟೆ ಬಂದು ರಿಜಿಸ್ಟರ್ ಬರೆದುಕೊಡಿ" ಅಂತ ಕರೆಯುವುದು ಬಹಳ ಕಡೆ ನಡೆಯುತ್ತದೆ. ಈ ತಿಂಗಳು ನಾವು ನೈಟ್‌ನವರೆಲ್ಲಾ ಸೇರಿ ಇನ್‌ಚಾರ್ಜ್ ಸಿಸ್ಟರ್‌ಗೆ ಬರೆದು ಕೊಟ್ಟಿದ್ದೇವೆ: ರಿಜಿಸ್ಟರ್ ಕೆಲಸ ಹಗಲಿನ ಶಿಫ್ಟಿಗೆ ಹೋಗಲಿ, ಆಫ್ ದಿನ ಫೋನ್ ಬೇಡ. ರಿಜಿಸ್ಟರ್ ವಿಷಯಕ್ಕೆ ಅವರು ಒಪ್ಪಿದ್ದಾರೆ. ತರಬೇತಿ ದಿನಾಂಕದ ಬಗ್ಗೆ ಮೇಲಿನವರ ಜೊತೆ ಮಾತಾಡುವುದು ಇನ್ನೂ ಬಾಕಿ ಇದೆ.