ಅಜ್ಜಿಯ ಅಡುಗೆಮನೆಗೆ ಬರಬೇಕಿದ್ದ ಬೆಳಕು

ಪಾಲಿಕೆಯಿಂದ ಬಂದ ನೋಟಿಸಿನ ಎರಡನೆಯ ಪುಟದಲ್ಲಿ, ಮನೆಯ ಸುತ್ತ ಬಿಟ್ಟ ಜಾಗದ ಅಳತೆಯ ಒಂದು ಕೋಷ್ಟಕವಿತ್ತು. ಒಂದು ಅಂಕಣದಲ್ಲಿ ‘ಅನುಮೋದಿತ ನಕ್ಷೆಯಂತೆ’, ಪಕ್ಕದಲ್ಲಿ ‘ಸ್ಥಳದಲ್ಲಿ ಇರುವಂತೆ’. ಮುಂಭಾಗ, ಹಿಂಭಾಗ, ಬಲಬದಿ ಎಲ್ಲವೂ ತಾಳೆಯಾಗಿದ್ದವು. ಎಡಬದಿಯ ಸಾಲಿನಲ್ಲಿ ಮಾತ್ರ ಒಂದು ಕಡೆ 1.00 ಮೀಟರ್, ಇನ್ನೊಂದು ಕಡೆ 0.10 ಮೀಟರ್.

ನಾವಿರುವುದು ದಾವಣಗೆರೆಯ ನಿಟುವಳ್ಳಿಯಲ್ಲಿ, ಮೂವತ್ತು-ನಲವತ್ತರ ನಿವೇಶನದಲ್ಲಿ. ಕೆಳಗಿನ ಮನೆಯನ್ನು ನಕ್ಷೆಯಲ್ಲಿದ್ದಂತೆಯೇ ಕಟ್ಟಿದ್ದೆವು. 2023ರಲ್ಲಿ ಮಗನಿಗೆಂದು ಮೇಲೊಂದು ಕೋಣೆ ಎಬ್ಬಿಸಲು ಹೊರಟೆವು. ಮೊದಲ ಮಹಡಿಗೂ ಅನುಮತಿ ಇತ್ತು. ಸೆಂಟ್ರಿಂಗ್ ಹೊಡೆಯುವ ದಿನ ಮೇಸ್ತ್ರಿ, ‘ಸ್ಲ್ಯಾಬನ್ನು ಮೂರಡಿ ಆಚೆ ಚಾಚಿದರೆ ಮಂಚ, ಬೀರು ಎರಡೂ ಹಿಡಿಯುತ್ತವೆ. ಈ ಬೀದಿಯಲ್ಲಿ ಜಾಗ ಬಿಟ್ಟವರನ್ನು ತೋರಿಸಿ ನೋಡೋಣ’ ಎಂದ. ನಾನು ಬೀದಿಯ ಉದ್ದಕ್ಕೂ ಕಣ್ಣು ಹಾಯಿಸಿದೆ. ಬಿಟ್ಟವರು ಕಡಿಮೆಯೇ ಇದ್ದರು. ಹೂಂ ಎಂದೆ. ಆ ಹೂಂ ನನ್ನದು, ಮೇಸ್ತ್ರಿಯ ತಲೆಗೆ ಕಟ್ಟುವುದಿಲ್ಲ.

ಪಕ್ಕದ ಮನೆಯ ಅಜ್ಜಿ ಗೋಡೆ ಏಳುತ್ತಿರುವಾಗಲೇ ಹೇಳಿದ್ದರು. ‘ಒಮ್ಮೆ ನಮ್ಮ ಅಡುಗೆಮನೆಗೆ ಬಂದು ನೋಡಮ್ಮ’ ಎಂದು ಎರಡು ಸಲ ಕರೆದರು. ಶಾಲೆಗೆ ಹೊತ್ತಾಯಿತೆಂದು ನಾನು ಹೋಗಲಿಲ್ಲ. ವರ್ಷ ಕಳೆದ ಮೇಲೆ ಅವರ ಮಗ ಪಾಲಿಕೆಗೆ ದೂರು ಕೊಟ್ಟರು. ಎಂಜಿನಿಯರ್ ಬಂದು ಟೇಪ್ ಹಿಡಿದು ಅಳೆದು ಹೋದರು. 2024ರ ನವೆಂಬರ್‌ನಲ್ಲಿ ನೋಟಿಸ್ ಬಂತು.

ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976ರ 321ನೇ ಪ್ರಕರಣವನ್ನು ನಾನು ಮೊದಲು ಓದಿದ್ದು ಆ ಕಾಗದದಲ್ಲಿ. ಅದರ ಹೆಜ್ಜೆಗಳು ಹೀಗೆ: ಮೊದಲು ಬರುವುದು, ಅಕ್ರಮವಾಗಿ ಕಟ್ಟಿದ್ದನ್ನು ಕೆಡವಿ ಎನ್ನುವ ತಾತ್ಕಾಲಿಕ ಆದೇಶ. ಅದರೊಂದಿಗೇ, ಇದನ್ನು ಏಕೆ ಖಾಯಂಗೊಳಿಸಬಾರದು ಎಂದು ಕಾರಣ ಕೇಳುವ ನೋಟಿಸ್. ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ದೃಢೀಕರಿಸಿದ ಆದೇಶ. ಅದರ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿಯೂ ಸೋತು, ನಾವೂ ಕೆಡವದೆ ಕುಳಿತರೆ ಪಾಲಿಕೆಯೇ ಕೆಡವಿ ಅದರ ಖರ್ಚನ್ನು ನಮ್ಮಿಂದಲೇ ವಸೂಲು ಮಾಡುತ್ತದೆ. ಇಂಥ ನೋಟಿಸ್ ಬಂದವರಿಗೆ ನಾನು ಕೈ ಮುಗಿದು ಹೇಳುವುದೊಂದೇ: ದೇವರ ಫೋಟೊದ ಹಿಂದೆ ಸಿಕ್ಕಿಸಿಡಬೇಡಿ. ನಮ್ಮ ಮನೆಯಲ್ಲಿ ಆರು ದಿನ ಅದು ಅಲ್ಲಿಯೇ ಇತ್ತು.

ಆ ಆರು ದಿನ ಸಲಹೆಗಳ ಸುರಿಮಳೆ. ದಂಡ ಕಟ್ಟಿದರೆ ಮುಗಿಯಿತು ಎಂದರು ಒಬ್ಬರು. ನಿಯಮ ಮೀರಿ ಕಟ್ಟಿದ್ದನ್ನು ಹಣ ಕಟ್ಟಿಸಿಕೊಂಡು ಸಕ್ರಮ ಮಾಡುವ ಸರ್ಕಾರದ ಯೋಜನೆ, ಅಕ್ರಮ-ಸಕ್ರಮ ಬರುತ್ತದೆ, ತಡೆಯಿರಿ ಎಂದರು ಇನ್ನೊಬ್ಬರು. ನನ್ನ ಯಜಮಾನರು ತೆರಿಗೆ ರಸೀದಿಗಳ ಕಟ್ಟನ್ನೇ ಹಿಡಿದುಕೊಂಡು ವಕೀಲರ ಬಳಿಗೆ ಬಂದರು. ವಕೀಲರು ಆ ಕಟ್ಟನ್ನು ಬಿಚ್ಚಲೂ ಇಲ್ಲ. ಅಕ್ರಮ ಕಟ್ಟಡಕ್ಕೂ ತೆರಿಗೆ ಹಾಕುತ್ತಾರೆ, ಅದೂ ದುಪ್ಪಟ್ಟು. ಹಾಗೆಂದು ಅದು ಸಕ್ರಮವಾಗುವುದಿಲ್ಲ ಎಂದರು. ದಂಡ ಬೇರೆ, ಕೆಡವುವುದು ಬೇರೆ. ಒಂದನ್ನು ಕಟ್ಟಿದರೆ ಇನ್ನೊಂದು ತಪ್ಪದು. ಅಕ್ರಮ-ಸಕ್ರಮದಲ್ಲಿ ಮನೆಗಳಿಗೆ ಶೇ 50ರವರೆಗಿನ, ವಾಣಿಜ್ಯ ಕಟ್ಟಡಗಳಿಗೆ ಶೇ 25ರವರೆಗಿನ ಉಲ್ಲಂಘನೆಗೆ ಅವಕಾಶವಿತ್ತು. ಆದರೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿದೆ. ಅಷ್ಟೇ ಅಲ್ಲ, ಅದು 2013ರ ಅಕ್ಟೋಬರ್ 19ಕ್ಕಿಂತ ಹಿಂದಿನ ಕಟ್ಟಡಗಳಿಗೆ ಮಾತ್ರ. ನಮ್ಮ ಕೋಣೆಗೆ ಆ ಬಾಗಿಲು ಯಾವತ್ತೂ ತೆರೆದಿರಲಿಲ್ಲ.

ಅದೇ ನವೆಂಬರ್ 13ರಂದು, ಕನಿಷ್ಠ 15 ದಿನಗಳ ನೋಟಿಸ್ ಇಲ್ಲದೆ ಯಾರ ಮನೆಯನ್ನೂ ಕೆಡವಬಾರದೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ಮೈದುನ ಫೋನ್ ಮಾಡಿ, ‘ಇನ್ನು ಯಾರೂ ಮುಟ್ಟುವಂತಿಲ್ಲ’ ಎಂದ. ಆ ತೀರ್ಪು ಬಹಳ ದೊಡ್ಡದು. ರಾತ್ರೋರಾತ್ರಿ ಬುಲ್ಡೋಜರ್ ಕಂಡವರ ಪಾಲಿಗೆ ಅದು ಉಸಿರು. ನಮಗೆ ಮಾತ್ರ ಅದು ಕೊಟ್ಟದ್ದು ಸಮಯವನ್ನು, ಗೋಡೆಯನ್ನಲ್ಲ. ಡಿಸೆಂಬರ್ 17ರಂದು ಅದೇ ನ್ಯಾಯಾಲಯದ ಇನ್ನೊಂದು ತೀರ್ಪು ಬಂತು: ಎಷ್ಟು ಹಣ ಸುರಿದಿದ್ದೀರಿ, ಕಟ್ಟಿ ಎಷ್ಟು ಕಾಲವಾಯಿತು, ಅಧಿಕಾರಿಗಳು ಎಷ್ಟು ತಡ ಮಾಡಿದರು ಎಂಬ ಯಾವ ಮಾತೂ ಅಕ್ರಮವನ್ನು ಉಳಿಸದು. ಕಟ್ಟಡ ನಕ್ಷೆಯಂತಿದೆ, ವಾಸಿಸಬಹುದು ಎಂದು ಕೊಡುವ ಸ್ವಾಧೀನಾನುಭವ ಪತ್ರವಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದೂ, ಆ ಪತ್ರವನ್ನು ನೋಡಿಯೇ ಬ್ಯಾಂಕುಗಳು ಸಾಲ ಕೊಡಬೇಕೆಂದೂ ಅದರಲ್ಲಿತ್ತು.

ಉತ್ತರ ಬರೆಯುವ ಹಿಂದಿನ ದಿನ ನಾನು ಕೊನೆಗೂ ಅಜ್ಜಿಯ ಅಡುಗೆಮನೆಗೆ ಹೋದೆ. ಮಧ್ಯಾಹ್ನ ಹನ್ನೆರಡೂವರೆ. ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅವರು ಅದನ್ನು ಆರಿಸಿದರು, ಏನೂ ಹೇಳಲಿಲ್ಲ. ರೊಟ್ಟಿ ಬಡಿಯುವ ಹಲಗೆ ಕಾಣಲಿಲ್ಲ. ಕಿಟಕಿಯ ಸರಳುಗಳಾಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಮ್ಮ ಸ್ಲ್ಯಾಬಿನ ಅಡಿಭಾಗ, ಸೆಂಟ್ರಿಂಗ್ ಹಲಗೆಯ ಗೆರೆಗಳ ಸಮೇತ. ಮಳೆಗಾಲದಲ್ಲಿ ಒದ್ದೆಯಾದ ಗೋಡೆ ಆಳೆತ್ತರಕ್ಕೆ ಕಪ್ಪಾಗಿತ್ತು. ಆ ಒಂದು ಮೀಟರ್ ಜಾಗ ನಿವೇಶನದಲ್ಲಿ ನಮ್ಮದು, ನಿಜ. ಅದರ ಮೇಲೆ ಬೀಳುವ ಬೆಳಕಿನಲ್ಲಿ ಅವರಿಗೂ ಪಾಲಿತ್ತು. ಅದನ್ನು ಕಾಯಲೆಂದೇ ನಕ್ಷೆಯಲ್ಲಿ ಆ ಗೆರೆ ಎಳೆದಿದ್ದರು.

ನಾವೇ ತೆಗೆಯುತ್ತೇವೆ, ಕಾಲಾವಕಾಶ ಕೊಡಿ ಎಂದು ಬರೆದುಕೊಟ್ಟೆವು. ಜನವರಿಯಲ್ಲಿ ನಾಲ್ಕು ದಿನ ಕೆಲಸ ನಡೆಯಿತು. ಮೊದಲು ಇಟ್ಟಿಗೆ, ಆಮೇಲೆ ಸ್ಲ್ಯಾಬ್. ಕಾಂಕ್ರೀಟು ಉದುರಿ ಕಬ್ಬಿಣದ ಸರಳುಗಳು ಬಾಚಣಿಗೆಯ ಹಲ್ಲಿನಂತೆ ಗಾಳಿಯಲ್ಲಿ ನಿಂತವು. ಅವುಗಳನ್ನು ಒಂದೊಂದಾಗಿ ಕತ್ತರಿಸುವಾಗ ಮಗ ಮನೆಯಲ್ಲಿ ನಿಲ್ಲಲಾರದೆ ಹೊರಗೆ ಹೋದ. ಕಟ್ಟಲು ಒಂದು ಲಕ್ಷ ಎಂಬತ್ತು ಸಾವಿರ, ಒಡೆಯಲು ಅರವತ್ತೆರಡು ಸಾವಿರ. ಅವನ ಕೋಣೆಯಲ್ಲಿ ಈಗ ಮಂಚ ಮಾತ್ರ ಹಿಡಿಯುತ್ತದೆ, ಬೀರು ನಡುಮನೆಯಲ್ಲಿದೆ.

ಒಡೆದ ರಾಶಿಯಲ್ಲಿ ಗಟ್ಟಿಯಾಗಿ ಉಳಿದಿದ್ದ ಇಟ್ಟಿಗೆಗಳನ್ನು ಅಜ್ಜಿ ತಮ್ಮ ತುಳಸಿಕಟ್ಟೆಗೆ ಕೇಳಿದರು. ಸಂಜೆ ಮಗನೇ ಹೊತ್ತು ಕೊಟ್ಟು, ಎರಡು ಬಿಸಿ ರೊಟ್ಟಿ ಹಿಡಿದುಕೊಂಡು ಬಂದ.