ಕಟ್ಟಿಕೊಂಡ ಐಸ್ ಸ್ಕ್ರೂ

ಹಿಮಾಚಲದ ಸ್ಪಿತಿಯ ಲಿಂಗ್ಟಿ ಕಣಿವೆ. ಹೆಪ್ಪುಗಟ್ಟಿದ ಜಲಪಾತದ ಮೇಲೆ ಇವತ್ತು ಗೆಳೆಯನ ಐಸ್ ಸ್ಕ್ರೂ (ಹತ್ತುವಾಗ ಹಗ್ಗ ಸಿಕ್ಕಿಸೋಕೆ ಐಸಿಗೆ ತಿರುಗಿಸಿ ಕೂರಿಸೋ ಲೋಹದ ಕೊಳವೆ) ಒಂದು ಕಚ್ಚಲೇ ಇಲ್ಲ. ಅದರ ತುದಿಯ ಹಲ್ಲು ಚೂಪಾಗೇ ಇತ್ತು, ಕಟ್ಟಿಕೊಂಡಿದ್ದು ಕೊಳವೆ.

ಸ್ಕ್ರೂ ಒಳಗೆ ಟೊಳ್ಳು. ತಿರುಗಿಸಿದ ಹಾಗೆ ಕೊರೆದ ಐಸು ಅದರೊಳಗಿಂದಲೇ ಹೊರಬರಬೇಕು. ಬಿಚ್ಚಿದ ತಕ್ಷಣ ಕೊಡವದಿದ್ದರೆ ಆ ತುಂಡು ಅಲ್ಲೇ ಅಂಟಿ ಗಟ್ಟಿಯಾಗುತ್ತೆ. ಆಮೇಲೆ ಎಷ್ಟು ತಿರುಗಿಸಿದರೂ ಅಷ್ಟೇ.

ಬಾಯಿಂದ ಊದಬೇಡಿ, ಉಸಿರಿನ ತೇವವೂ ಒಳಗೇ ಹೆಪ್ಪುಗಟ್ಟುತ್ತೆ. ಹಲ್ಲನ್ನು ಬಂಡೆಗೆ ಬಡಿಯಲೇಬೇಡಿ. ಜಾಕೆಟ್ ಒಳಗೆ ಸ್ವಲ್ಪ ಹೊತ್ತು ಇಟ್ಟರೆ ಸಡಿಲವಾಗಿ ಜಾರಿ ಬರುತ್ತೆ.

ಈ ಚಳಿಯಲ್ಲಿ ಮೈಯ ಬಿಸಿಗಿಂತ ದೊಡ್ಡ ಸಲಕರಣೆ ಇಲ್ಲ ಅನ್ನಿಸುತ್ತೆ ನನಗೆ. ಏರು ಹತ್ತುವಾಗ ಹಿಂದಕ್ಕೆ ಜಾರದ ಹಾಗೆ ಸ್ಕೀಯ ಅಡಿಗೆ ಅಂಟಿಸೋ ಪಟ್ಟಿ, ಅಂದರೆ ಸ್ಕಿನ್ನಿಗೂ ಅದೇ ಜಾಗ. ಚಳಿಗೆ ಗೋಂದು ಹಿಡಿತ ಬಿಟ್ಟರೆ ಹಿಮದ ಪುಡಿ ಪೂರ್ತಿ ಒರೆಸಿ, ಮಡಚಿ, ಎದೆಗೆ ಒತ್ತಿ ಇಟ್ಟುಕೊಳ್ಳಿ.