ಒಂದು ತೆಗೆದಿದ್ದರು, ಇನ್ನೊಂದಿತ್ತು

ಕಲಬುರಗಿ, 14 ಮೇ 2024, ಮಂಗಳವಾರ

ರಾತ್ರಿ ಹನ್ನೊಂದೂವರೆ. ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿದೆ. ಇದನ್ನು ಬರೆಯದೆ ನಿದ್ದೆ ಬರುವುದಿಲ್ಲ.

ಜೇವರ್ಗಿ ಕಡೆಯ ಹುಡುಗ. ನಿನ್ನೆ ಬಂದಾಗ ಹೊಟ್ಟೆ ಮುಟ್ಟಲು ಬಿಡುತ್ತಿರಲಿಲ್ಲ. ಜ್ವರ, ವಾಂತಿ. ಹೊಕ್ಕುಳ ಸುತ್ತ ಶುರುವಾದ ನೋವು ಬಲಕ್ಕೆ ಇಳಿದು ಕೂತಿತ್ತು. ಅಪೆಂಡಿಸೈಟಿಸ್ ಅನ್ನೋಣ ಅಂದರೆ ಅಲ್ಲೇ ಹಳೇ ಹೊಲಿಗೆಯ ಗುರುತು!

‘ಮೂರು ವರ್ಷದ ಹಿಂದ ತಗದಾರ್ರಿ, ಮತ್ತ್ಯಾಕ ಅದೇ ಬ್ಯಾನಿ?’ ಅಂದರು ತಾಯಿ. ಕ್ಯಾರಿಬ್ಯಾಗಿನಿಂದ ಅಪೆಂಡಿಕ್ಸ್ ತೆಗೆದ ಹಳೇ ಚೀಟಿ ತೆಗೆದು ಕೊಟ್ಟರು. ಅದನ್ನು ಓದಿದ್ದೇ ತಡ, ನಾನು ಅಪೆಂಡಿಕ್ಸ್ ಬಿಟ್ಟೇಬಿಟ್ಟೆ. ಕೇಸ್ ಶೀಟಿನಲ್ಲಿ ಮೂತ್ರನಾಳದ ಕಲ್ಲು ಅಂತ ಬರೆದೆ. ಈ ಬಿಸಿಲಿಗೆ ಕಲ್ಲಿನವರೇ ಜಾಸ್ತಿ ಬರುತ್ತಾರೆ, ಅಲ್ವಾ.

ಸಿ.ಟಿ.ಯಲ್ಲಿ ಕಲ್ಲಿಲ್ಲ. ಸೀಕಮ್ ಅಂದರೆ ದೊಡ್ಡ ಕರುಳು ಶುರುವಾಗುವ ಚೀಲ. ಅದರ ಹಿಂದೆ ಊದಿದ ಕೊಳವೆ, ತುದಿ ಮುಚ್ಚಿದ್ದು. ಹಿಂದೆ ತೆಗೆದಾಗ ಉಳಿದ ಮೋಟು ಊದಿರಬಹುದು ಅಂದೆ. ‘ಇಷ್ಟುದ್ದ ಮೋಟಾ?’ ಅಂದರು ಸೀನಿಯರ್.

ಬೆಳಗ್ಗೆ ಹೊಟ್ಟೆ ತೆರೆದೆವು. ದೊಡ್ಡ ಕರುಳಿನ ಮೇಲೆ ಟೀನಿಯಾ ಅನ್ನುವ ಮೂರು ಪಟ್ಟಿ ಓಡುತ್ತವೆ. ಮೂರೂ ಕೂಡುವಲ್ಲಿ ಅಪೆಂಡಿಕ್ಸಿನ ಬುಡ. ಅಲ್ಲಿ ಹಳೇ ಮೋಟು ತಣ್ಣಗಿತ್ತು. ಅಲ್ಲಿಂದ ಎರಡು ಬೆರಳು ಮೇಲೆ, ಪಟ್ಟಿಯ ಮೇಲೇ, ಇನ್ನೊಂದು ಅಪೆಂಡಿಕ್ಸ್! ಕೆಂಪಗೆ ಬಿಗಿದು, ಸೀಕಮ್ ಹಿಂದೆ ಮಡಚಿಕೊಂಡಿತ್ತು. ಹುಟ್ಟುತ್ತಲೇ ಎರಡಿದ್ದವು. ಮೊದಲ ಸರ್ಜನ್‌ದು ತಪ್ಪು ಅನ್ನಲಾರೆ. ಊದಿದ ಒಂದು ಕೈಗೆ ಸಿಕ್ಕ ಮೇಲೆ ಇನ್ನೊಂದನ್ನು ಯಾರು ಹುಡುಕುತ್ತಾರೆ?

ಕೇವ್ ಅನ್ನುವವರು 1936ರಲ್ಲಿ ಇಂಥ ಜೋಡಿ ಅಪೆಂಡಿಕ್ಸುಗಳನ್ನು ವಿಂಗಡಿಸಿದರು, ಆಮೇಲೆ ವಾಲ್‌ಬ್ರಿಡ್ಜ್ ತಿದ್ದಿದರು. ಎ ಅಂದರೆ ಬುಡ ಒಂದು, ಮುಂದೆ ಕವಲು. ಬಿ ಅಂದರೆ ಒಂದೇ ಸೀಕಮ್ಮಿಗೆ ಎರಡು ಬೇರೆ ಬೇರೆ. ಸಿ ಅಂದರೆ ಸೀಕಮ್ಮೇ ಎರಡು. ನಮ್ಮದು ಬಿ-2, ಅಂದರೆ ಒಂದು ತನ್ನ ಜಾಗದಲ್ಲಿ, ಇನ್ನೊಂದು ಪಟ್ಟಿಯ ಮೇಲೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಚೀಟಿ ನೋಡಿದಾಗ ನೆನಪಾಗಲಿಲ್ಲ, ಅಷ್ಟೇ.

ತೆಗೆದದ್ದು ಪೆಥಾಲಜಿಗೆ ಹೋಗಿದೆ. ಸೀಕಮ್ಮಿನ ಡೈವರ್ಟಿಕ್ಯುಲಮ್, ಅಂದರೆ ಗೋಡೆ ಹೊರಗೆ ಉಬ್ಬಿ ಆದ ಚೀಲ, ಕೂಡ ಹೀಗೇ ಮೋಸ ಮಾಡಬಹುದು. ಗೋಡೆಯಲ್ಲಿ ಸ್ನಾಯುವಿನ ಪೂರ್ತಿ ಪದರ, ಲಿಂಫಾಯ್ಡ್ (ರೋಗನಿರೋಧಕ ಕಣಗಳ) ಅಂಗಾಂಶ ಕಂಡರೆ ಅಪೆಂಡಿಕ್ಸೇ.

ಸಂಜೆ ವಾರ್ಡಿನಲ್ಲಿ ತಾಯಿಗೆ ಹಾಳೆಯ ಮೇಲೆ ಚಿತ್ರ ಬಿಡಿಸಿ ತೋರಿಸಿದೆ. ಸುಮ್ನೆ ನೋಡುತ್ತಾ ಕೂತರು. ಆಮೇಲೆ, ‘ಮೂರನೇದು ಇಲ್ಲಲ್ರಿ?’

ಪಕ್ಕದ ಮಂಚದವರು ನಕ್ಕರು. ನಾನು ನಗಲಿಲ್ಲ. ಮೂರು ಇದ್ದವರೂ ವರದಿಯಾಗಿದ್ದಾರೆ. ‘ನೋಡೀವ್ರಿ, ಇಲ್ಲ’ ಅಂದೆ.